ಯಾವದರ ಭಾಗ? — ಭಿನ್ನರಾಶಿ, ಶೇಕಡ, ಪ್ರಮಾಣಗಳ ವಿಷಯವಾದ ಪಾಠ



ಲೆಕ್ಕವೆಂಬದು ಪಾಠಶಾಲೆಯ ಮಕ್ಕಳಿಗೂ ಅಂಗಡಿಯ ಶೆಟ್ಟರಿಗೂ ಮಾತ್ರ ಸೇರಿದ್ದು, ಹೊಲ ಉಳುವವರಿಗೂ ಕೂಲಿ ಮಾಡುವವರಿಗೂ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ನಮ್ಮ ಗ್ರಾಮಗಳಲ್ಲಿ ಅನೇಕರು ಎಣಿಸುವದುಂಟು. ಇದು ತಪ್ಪಾದ ಎಣಿಕೆ. ಯಾಕಂದರೆ ಗುಬ್ಬಿಯ ಸಂತೆಯಲ್ಲಿ ತೆಂಗಿನಕಾಯಿ ಮಾರುವವನಿಗೂ, ಕುಣಿಗಲ್ ಸೀಮೆಯಲ್ಲಿ ಅಣ್ಣತಮ್ಮಂದಿರೊಡನೆ ಹೊಲ ಹಂಚಿಕೊಳ್ಳುವವನಿಗೂ, ತುಮಕೂರಿನ ಪೇಟೆಯಲ್ಲಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವಳಿಗೂ ದಿನದಿನವೂ ಲೆಕ್ಕವೇ ಎದುರಾಗುತ್ತದೆ. ಲೆಕ್ಕ ಬಾರದವನು ಮತ್ತೊಬ್ಬನು ಹೇಳಿದ ಲೆಕ್ಕವನ್ನು ನಂಬಬೇಕು. ಆ ಮತ್ತೊಬ್ಬನು ಯಥಾರ್ಥನಾಗಿದ್ದರೆ ಸರಿ. ಇಲ್ಲದಿದ್ದರೆ ನಷ್ಟವು ಬಡವನ ಪಾಲಿಗೆ ಬರುವದು.

ನಮ್ಮ ಮಕ್ಕಳು ಐದನೆಯ, ಆರನೆಯ, ಏಳನೆಯ ತರಗತಿಗಳಲ್ಲಿ ಭಿನ್ನರಾಶಿ, ಶೇಕಡ, ಪ್ರಮಾಣ ಎಂಬ ಮೂರು ಬಗೆಯ ಲೆಕ್ಕಗಳನ್ನು ಕಲಿಯುತ್ತಾರೆ. ಬರೇ ಅಂಕಿಗಳನ್ನು ಕೊಟ್ಟರೆ ಅವರು ಹೇಗೋ ಮಾಡಿಬಿಡುವರು. ಆದರೆ ಅದೇ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ ಕೂಡಬೇಕೋ ಕಳೆಯಬೇಕೋ ಗುಣಿಸಬೇಕೋ ಎಂದು ತಿಳಿಯದೆ ಕಂಗೆಡುವರು. ಈ ಮೂರು ಬಗೆಗೂ ಬೀಗದ ಕೈ ಒಂದೇ. ಅದು ಯಾವದಂದರೆ, “ಯಾವದರ ಭಾಗ?” ಎಂಬ ಚಿಕ್ಕ ಪ್ರಶ್ನೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಈ ತಿಂಗಳ ಪಾಠದಲ್ಲಿ ಮುಂದೆ ಹೋಗೋಣ.

1. ನಮ್ಮ ಮಾತಿನಲ್ಲಿಯೇ ಇರುವ ಭಿನ್ನರಾಶಿ

ಭಿನ್ನರಾಶಿ ಎಂಬ ಹೆಸರು ದೊಡ್ಡದು, ಸಂಗತಿ ಹಳೆಯದು. ಕಾಲು, ಅರೆ, ಮುಕ್ಕಾಲು, ಅರೆಕಾಲು ಎಂಬ ಮಾತುಗಳನ್ನು ಅಕ್ಷರ ಅರಿಯದ ಅಜ್ಜಿಯೂ ಬಲ್ಲಳು. ಹಿಂದೆ ಕೂಲಿಮಠಗಳಲ್ಲಿ ಹುಡುಗರು ಮರಳಿನ ಮೇಲೆ ಬರೆದು, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದರು. ಹಣವೆಂಬ ನಾಣ್ಯವು ನಡೆಯುತ್ತಿದ್ದ ಕಾಲದಲ್ಲಿ ಅದರ ಅರ್ಧಕ್ಕೆ ಅಡ್ಡವೆಂದೂ, ಕಾಲಿಗೆ ಹಾಗವೆಂದೂ, ಹದಿನಾರರಲ್ಲಿ ಒಂದು ಭಾಗಕ್ಕೆ ವೀಸವೆಂದೂ ಹೆಸರಿತ್ತು. ಆಮೇಲೆ ರೂಪಾಯಿಗೆ 16 ಆಣೆಗಳಾದವು. 1957ನೆಯ ಇಸವಿ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಗಳೆಂದು ಸರಕಾರವು ಗೊತ್ತುಮಾಡಿತು. ಆಣೆಯ ನಾಣ್ಯವು ಹೋದರೂ ಆಣೆಯ ಮಾತು ಹೋಗಲಿಲ್ಲ. ಮಳೆ ಕಡಿಮೆಯಾದ ವರ್ಷ “ಈ ಸಲ ರಾಗಿ ಎಂಟಾಣೆ ಬೆಳೆ” ಎಂದು ರೈತನು ಹೇಳುವನು. ಬೆಳೆಯ ಅಂದಾಜಿಗೆ ಕಂದಾಯ ಇಲಾಖೆಯವರು ಆಣೆವಾರಿ ಎಂಬ ಹೆಸರನ್ನೇ ಇಟ್ಟಿದ್ದರು. ಇದರ ಅರ್ಥವೇನು? ಪೂರ್ಣ ಬೆಳೆಯನ್ನು ಹದಿನಾರು ಆಣೆಯೆಂದು ಎಣಿಸಿದರೆ ಈಗ ಬಂದದ್ದು ಎಂಟಾಣೆ, ಅಂದರೆ ಅರ್ಧ.

ಹೀಗೆ ಕಾಲು ಎಂದರೂ, ನಾಲ್ಕಾಣೆ ಎಂದರೂ, ನೂರಕ್ಕೆ ಇಪ್ಪತ್ತೈದು ಎಂದರೂ ಒಂದೇ. ಮುಕ್ಕಾಲು, ಹನ್ನೆರಡಾಣೆ, ನೂರಕ್ಕೆ ಎಪ್ಪತ್ತೈದು, ಇವೂ ಒಂದೇ. ಅರೆಕಾಲು ಎಂದರೆ ಎರಡಾಣೆ, ನೂರಕ್ಕೆ ಹನ್ನೆರಡೂವರೆ. ದಶಮಾಂಶವೆಂಬ ಮಾತು ನಮ್ಮ ವಾಚಕರಿಗೆ ಹೊಸದಲ್ಲ. ಅದು ಹತ್ತರಲ್ಲಿ ಒಂದು, ಅಂದರೆ ನೂರಕ್ಕೆ ಹತ್ತು. ಭಿನ್ನರಾಶಿ, ಶೇಕಡ ಎಂಬವು ಒಂದೇ ಮನುಷ್ಯನು ಹಾಕಿಕೊಂಡ ಎರಡು ಅಂಗಿಗಳಂತೆ ಇವೆ. ಒಂದನ್ನು ಅರಿತವನು ಇನ್ನೊಂದಕ್ಕೆ ಹೆದರಬೇಕಾದದ್ದಿಲ್ಲ.

ಚಿಕ್ಕ ಮಕ್ಕಳು ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮೂರಕ್ಕಿಂತ ನಾಲ್ಕು ದೊಡ್ಡದಾದ್ದರಿಂದ 1/3 ಕ್ಕಿಂತ 1/4 ದೊಡ್ಡದೆಂದು ಅವರು ತಿಳಿಯುವರು. ಒಂದು ರಾಗಿ ಮುದ್ದೆಯನ್ನು ಮೂವರಿಗೆ ಹಂಚಿದರೆ ಒಬ್ಬನಿಗೆ ಬರುವದು ಹೆಚ್ಚೋ, ನಾಲ್ವರಿಗೆ ಹಂಚಿದರೆ ಹೆಚ್ಚೋ ಎಂದು ಕೇಳಿರಿ. ಹಸಿದ ಹುಡುಗನು ಕೂಡಲೇ ಸರಿಯಾದ ಉತ್ತರ ಕೊಡುವನು. ಉಣ್ಣುವವರು ಹೆಚ್ಚಿದಷ್ಟೂ ಪಾಲು ಸಣ್ಣದಾಗುವದು.

2. ಈ ವಿದ್ಯೆ ನಮ್ಮ ನಾಡಿಗೆ ಹೊರಗಿನದಲ್ಲ

ಈ ಲೆಕ್ಕಗಳೆಲ್ಲಾ ಪಟ್ಟಣದವರ ಪುಸ್ತಕದಿಂದ ಬಂದವೆಂದು ಯಾರೂ ತಿಳಿಯಬಾರದು. ಸುಮಾರು 850ನೆಯ ಇಸವಿಯಲ್ಲಿ, ರಾಷ್ಟ್ರಕೂಟ ಅರಸನಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರೆಂಬ ಜೈನ ಪಂಡಿತರು ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಭಿನ್ನರಾಶಿಗಳಿಗಾಗಿಯೂ ತ್ರೈರಾಶಿಗಾಗಿಯೂ ಬಡ್ಡಿಯಂಥ ವ್ಯವಹಾರಗಳಿಗಾಗಿಯೂ ಅವರು ಬೇರೆ ಬೇರೆ ಅಧ್ಯಾಯಗಳನ್ನು ಇಟ್ಟರು. 12ನೆಯ ಶತಮಾನದಲ್ಲಿ ರಾಜಾದಿತ್ಯ ಕವಿಯು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ವ್ಯವಹಾರಗಣಿತವೆಂಬ ಹೆಸರನ್ನು ಗಮನಿಸಿರಿ. ಕೊಳ್ಳುವದು, ಕೊಡುವದು, ಹಂಚುವದು, ಅಳೆಯುವದು, ಇವೇ ವ್ಯವಹಾರ. ಎಂಟುನೂರು ವರ್ಷಗಳಿಗೂ ಹಿಂದೆ ಕನ್ನಡದಲ್ಲಿ ಹೇಳಬಹುದಾಗಿದ್ದ ವಿದ್ಯೆಯನ್ನು ಈಗ ಕನ್ನಡದಲ್ಲಿ ಕಲಿಯುವದು ಅಸಾಧ್ಯವೋ?

3. ಹೊಲದ ಪಾಲು

ಭಿನ್ನರಾಶಿಯ ಲೆಕ್ಕವು ಮನೆಯ ಬಾಗಿಲಿಗೆ ಬರುವದು ಹೆಚ್ಚಾಗಿ ಯಜಮಾನನು ತೀರಿಹೋದಾಗಲೇ. ಮರಣಶಾಸನ ಬರೆಯದೆ ತೀರಿಹೋದ ಕ್ರೈಸ್ತನ ಆಸ್ತಿಯು 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹಂಚಲ್ಪಡುತ್ತದೆ. ಹೆಂಡತಿಯೂ ಮಕ್ಕಳೂ ಇದ್ದಲ್ಲಿ, ಮೂರರಲ್ಲಿ ಒಂದು ಭಾಗವು ಹೆಂಡತಿಗೆ ಸೇರತಕ್ಕದ್ದು. ಉಳಿದ ಮೂರರಲ್ಲಿ ಎರಡು ಭಾಗವು ಮಕ್ಕಳಿಗೆ ಸಮವಾಗಿ ಸೇರತಕ್ಕದ್ದು. ಈ ಸಮಭಾಗದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೂ ಮನೆಯಲ್ಲಿರುವ ಮಗನಿಗೂ ಪಾಲು ಒಂದೇ.

ಇದನ್ನು ಒಂದು ಲೆಕ್ಕವಾಗಿ ಮಾಡೋಣ.

ಲೆಕ್ಕ: ಒಬ್ಬ ರೈತನು 3 ಎಕರೆ 30 ಗುಂಟೆ ಹೊಲವನ್ನು ಬಿಟ್ಟು ತೀರಿಹೋದನು. ಅವನಿಗೆ ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಒಬ್ಬೊಬ್ಬರಿಗೆ ಎಷ್ಟು?

ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಎಕರೆಗೆ 40 ಗುಂಟೆ. ಆದಕಾರಣ 3 ಎಕರೆಗೆ 120 ಗುಂಟೆ, ಅದಕ್ಕೆ 30 ಕೂಡಿಸಿದರೆ 150 ಗುಂಟೆ. ತಾಯಿಗೆ 150ರಲ್ಲಿ 1/3, ಅಂದರೆ 50 ಗುಂಟೆ, ಅಥವಾ 1 ಎಕರೆ 10 ಗುಂಟೆ. ಉಳಿದದ್ದು 100 ಗುಂಟೆ. ಅದನ್ನು ನಾಲ್ಕು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ 25 ಗುಂಟೆ.

ಈಗ ನಮ್ಮ ಪ್ರಶ್ನೆಯನ್ನು ಕೇಳೋಣ. ಮಗಳ ಪಾಲು ನಾಲ್ಕರಲ್ಲಿ ಒಂದು ಎಂದು ಹೇಳಿದರೆ, ಯಾವದರ ನಾಲ್ಕರಲ್ಲಿ ಒಂದು? ಇಡೀ ಹೊಲದ್ದಲ್ಲ, ತಾಯಿಯ ಪಾಲು ತೆಗೆದು ಉಳಿದದ್ದರ ನಾಲ್ಕರಲ್ಲಿ ಒಂದು. ಇಡೀ ಹೊಲಕ್ಕೆ ಹೋಲಿಸಿದರೆ 25 ಗುಂಟೆಯು 150ರ ಆರರಲ್ಲಿ ಒಂದು ಭಾಗ. 2/3 ರ 1/4 ಎಂದರೆ 2/12, ಅಂದರೆ 1/6 ಎಂದು ಪುಸ್ತಕದ ಕ್ರಮದಲ್ಲಿ ಮಾಡಿದರೂ ಅದೇ ಉತ್ತರ ಬರುವದು.

ಗ್ರಾಮದಲ್ಲಿ ನಡೆಯುವದು ಕೆಲವು ಸಾರಿ ಬೇರೆ. ಕೆಲವರು ಇದನ್ನು ಐದು ಸಮಪಾಲು ಮಾಡಿ ತಾಯಿಗೆ 30 ಗುಂಟೆ ಕೊಡುವರು. ಹಾಗೆ ಮಾಡಿದಲ್ಲಿ ಆ ವಿಧವೆಗೆ 20 ಗುಂಟೆ ಅನ್ಯಾಯವಾಗುವದು. ಇನ್ನು ಕೆಲವರು ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, 100 ಗುಂಟೆಯನ್ನು ಗಂಡುಮಕ್ಕಳಿಗೆ ಐವತ್ತೈವತ್ತು ಎಂದು ಹಂಚುವರು. ಅಲ್ಲಿ ಲೆಕ್ಕವು ಸರಿಯಾಗಿ ಕಂಡರೂ ಎಣಿಕೆಯೇ ತಪ್ಪು. ನಾಲ್ವರು ಇರುವಲ್ಲಿ ಇಬ್ಬರೆಂದು ಎಣಿಸಿದ್ದಾಯಿತು. ಸಹೋದರಿಯು ತನ್ನ ಮನಸ್ಸಿನಿಂದಲೇ ಪಾಲನ್ನು ಬಿಟ್ಟುಕೊಟ್ಟರೆ ಅದು ಬೇರೆ ಮಾತು. ಆದರೆ ತನ್ನ ಪಾಲು ಎಷ್ಟೆಂದು ತಿಳಿಯದವಳು ಏನನ್ನು ಬಿಟ್ಟುಕೊಟ್ಟಾಳು? ಒಂದೊಂದು ಕುಟುಂಬದ ಕಾಗದಪತ್ರಗಳ ಸ್ಥಿತಿ ಒಂದೊಂದು ತರಹ ಇರುವದರಿಂದ ವಕೀಲರನ್ನು ಕೇಳಿಯೇ ಮುಂದುವರಿಯತಕ್ಕದ್ದು. ಹೀಗಾದರೂ ವಕೀಲರ ಬಳಿಗೆ ಹೋಗುವ ಮೊದಲೇ ಈ ಸಣ್ಣ ಲೆಕ್ಕವನ್ನು ಮನೆಯಲ್ಲಿ ಮಾಡಿಟ್ಟುಕೊಂಡವರಿಗೆ ಮೋಸವಾಗುವದು ಕಷ್ಟ.

4. ಪಹಣಿಯಲ್ಲಿರುವ ಚುಕ್ಕೆ

ಇದಕ್ಕೆ ಸೇರಿದ ಮತ್ತೊಂದು ಎಚ್ಚರಿಕೆಯ ಮಾತುಂಟು. ಪಹಣಿಯಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದಾಗಲಿ, ನಡುವೆ ಚುಕ್ಕೆಯಿಟ್ಟು 2.20 ಎಂದಾಗಲಿ ಬರೆಯುವದು ವಾಡಿಕೆ. ಈ ಚುಕ್ಕೆಯು ಪಾಠಶಾಲೆಯ ದಶಾಂಶ ಚುಕ್ಕೆಯಲ್ಲ. ದಶಾಂಶದಲ್ಲಿ 2.20 ಎಂದರೆ ಎರಡರ ಮೇಲೆ ನೂರರಲ್ಲಿ ಇಪ್ಪತ್ತು ಭಾಗ. ಪಹಣಿಯಲ್ಲಿಯಾದರೋ ಎರಡರ ಮೇಲೆ ನಲವತ್ತರಲ್ಲಿ ಇಪ್ಪತ್ತು ಭಾಗ, ಅಂದರೆ ಎರಡೂವರೆ ಎಕರೆ.

ಲೆಕ್ಕ: ಎಕರೆಗೆ 8,00,000 ರೂಪಾಯಿಯಂತೆ 2 ಎಕರೆ 20 ಗುಂಟೆ ಹೊಲದ ಕ್ರಯವೆಷ್ಟು?

ಸರಿಯಾದ ಕ್ರಮ: ಎರಡೂವರೆ ಎಕರೆಗೆ 8,00,000ರಂತೆ 20,00,000 ರೂಪಾಯಿ. ಆದರೆ ಯಾವನಾದರೂ ಮೊಬೈಲು ಫೋನಿನಲ್ಲಿ 2.20 ಎಂದು ಒತ್ತಿ 8,00,000ದಿಂದ ಗುಣಿಸಿದರೆ 17,60,000 ಎಂದು ತೋರಿಸುವದು. ಯಂತ್ರವು ಸುಳ್ಳು ಹೇಳಲಿಲ್ಲ. ತನಗೆ ಕೊಟ್ಟದ್ದನ್ನು ಗುಣಿಸಿತು. ಆದರೆ ಮಾರುವವನಿಗೆ 2,40,000 ರೂಪಾಯಿ ನಷ್ಟವಾಯಿತು. ಒಂದು ಚುಕ್ಕೆಯನ್ನು ತಪ್ಪಾಗಿ ಓದಿದ್ದರಿಂದ ಒಂದು ಮನೆಯ ಅನೇಕ ವರ್ಷಗಳ ದುಡಿಮೆಯು ಹೋಗಬಹುದು.

ಕೂಡುವಾಗಲೂ ಹಾಗೆಯೇ. 2 ಎಕರೆ 20 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿದರೆ 3 ಎಕರೆ 50 ಗುಂಟೆ. 50ರಲ್ಲಿ 40 ಗುಂಟೆ ಒಂದು ಎಕರೆಯಾಗಿ ಮೇಲಕ್ಕೆ ಹೋಗುವದರಿಂದ 4 ಎಕರೆ 10 ಗುಂಟೆ. ಮೂರೂವರೆ ಎಕರೆಯೆಂದು ಓದಿದವನು 30 ಗುಂಟೆ ಕಳೆದುಕೊಂಡನು. ಗುಂಟೆಗೂ ಕೆಳಗೆ ಆಣೆ ಉಂಟು. ಗುಂಟೆಗೆ 16 ಆಣೆ. ಗುಂಟೆಯು 1,089 ಚದರಡಿ ಆದ್ದರಿಂದ ಒಂದಾಣೆಯು 68 ಚದರಡಿಗಿಂತ ಸ್ವಲ್ಪ ಹೆಚ್ಚು.

5. ಶೇಕಡವೆಂದರೇನು?

ಶೇಕಡವೆಂದರೆ ನೂರಕ್ಕೆ ಇಷ್ಟು ಎಂಬ ಮಾತು. ನೂರನ್ನು ಯಾಕೆ ಆರಿಸಿಕೊಂಡರು? ಹೋಲಿಸುವದಕ್ಕೆ ಸುಲಭವಾಗಲೆಂದು. ಒಬ್ಬ ಹುಡುಗಿಯು 40ಕ್ಕೆ 30 ಅಂಕಗಳನ್ನೂ, ಅವಳ ತಮ್ಮನು 25ಕ್ಕೆ 20 ಅಂಕಗಳನ್ನೂ ಪಡೆದರೆ ಯಾರು ಮೇಲು? ಎರಡನ್ನೂ ನೂರಕ್ಕೆ ತಂದರೆ ಹುಡುಗಿಗೆ 75, ತಮ್ಮನಿಗೆ 80. ಈಗ ಹೋಲಿಕೆಯು ಕಣ್ಣಿಗೆ ಕಾಣುವದು.

ನಮ್ಮ ಜಿಲ್ಲೆಯ ಒಂದು ನಿಜವಾದ ಲೆಕ್ಕವನ್ನು ನೋಡೋಣ. ಕೇಂದ್ರ ಸರಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಾಲಿಗೆ 12,000 ರೂಪಾಯಿ, 2025ರ ಹಂಗಾಮಿನಲ್ಲಿ 12,100 ರೂಪಾಯಿ. ಎಣ್ಣೆ ತೆಗೆಯುವ ಕೊಬ್ಬರಿಗೆ 2024ರಲ್ಲಿ 11,160, 2025ರಲ್ಲಿ 11,582. ನೂರು ರೂಪಾಯಿ ಹೆಚ್ಚಿತೆಂದು ಕೇಳಿದರೆ ದೊಡ್ಡದಾಗಿ ತೋರುವದು. ಆದರೆ ಯಾವದರ ಮೇಲೆ ಹೆಚ್ಚಿತು? 12,000ದ ಮೇಲೆ. 100ನ್ನು 100ರಿಂದ ಗುಣಿಸಿ 12,000ದಿಂದ ಭಾಗಿಸಿದರೆ 5/6, ಅಂದರೆ ಶೇಕಡ ಒಂದಕ್ಕೂ ಕಡಿಮೆ. ಇನ್ನೊಂದು ಬಗೆಯ ಕೊಬ್ಬರಿಗೆ 422 ರೂಪಾಯಿ ಹೆಚ್ಚಿದ್ದು 11,160ರ ಮೇಲೆ. ಅದು ಶೇಕಡ 3.78ರಷ್ಟು. ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿ ಒಯ್ಯುವ ಗುಬ್ಬಿಯ ರೈತನು ತನ್ನ ಗೊಬ್ಬರದ ಬೆಲೆಯೂ ಕೂಲಿಯೂ ಅದೇ ವರ್ಷದಲ್ಲಿ ಶೇಕಡ ಎಷ್ಟು ಏರಿದವೆಂದು ಇದರ ಪಕ್ಕದಲ್ಲಿ ಬರೆದು ನೋಡಲಿ. ಆಗ ಬೆಲೆ ಏರಿತೋ ಇಳಿಯಿತೋ ಎಂಬದು ತಿಳಿಯುವದು.

ಶೇಕಡದ ಲೆಕ್ಕದಲ್ಲಿ ಬುದ್ಧಿವಂತರೂ ಎಡವುವ ಒಂದು ಸ್ಥಳವುಂಟು. ಒಂದು ತೆಂಗಿನಕಾಯಿಯ ಬೆಲೆ 25 ರೂಪಾಯಿ ಇತ್ತು. ಅದು ಶೇಕಡ 20 ಏರಿತು. ಆಮೇಲೆ ಶೇಕಡ 20 ಇಳಿಯಿತು. ಈಗ ಎಷ್ಟು? ಏರಿದಷ್ಟೇ ಇಳಿಯಿತು, 25ಕ್ಕೇ ಬಂತು ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳುವರು. ಹಾಗಲ್ಲ. ಏರಿದ್ದು 25ರ ಶೇಕಡ 20, ಅಂದರೆ 5 ರೂಪಾಯಿ; ಬೆಲೆ 30 ಆಯಿತು. ಇಳಿದದ್ದು 30ರ ಶೇಕಡ 20, ಅಂದರೆ 6 ರೂಪಾಯಿ. ಬೆಲೆ 24 ಆಯಿತು. ಸಾವಿರ ಕಾಯಿ ಮಾರುವವನಿಗೆ 1,000 ರೂಪಾಯಿ ಕಡಿಮೆ. ಮಾತು ಒಂದೇ, ಶೇಕಡ ಇಪ್ಪತ್ತು. ಆದರೆ ಯಾವದರ ಶೇಕಡ ಎಂಬದು ಬದಲಾಯಿತು.

ಹಬ್ಬದ ಕಾಲದಲ್ಲಿ ಬಟ್ಟೆಯ ಅಂಗಡಿಯವರು “ಶೇಕಡ 20 ರಿಯಾಯಿತಿ, ಅದರ ಮೇಲೆ ಮತ್ತೆ ಶೇಕಡ 10” ಎಂದು ಬರೆದು ತೂಗಹಾಕುವದನ್ನು ನೀವು ನೋಡಿರಬಹುದು. 1,000 ರೂಪಾಯಿಯ ಸೀರೆಗೆ ಮೊದಲು 200 ಕಳೆದರೆ 800. ಆ 800ರಲ್ಲಿ ಶೇಕಡ 10, ಅಂದರೆ 80 ಕಳೆದರೆ 720. ಆದ್ದರಿಂದ ಬಿಟ್ಟದ್ದು ಶೇಕಡ 28, ಮೂವತ್ತಲ್ಲ.

6. ಬಡ್ಡಿಯ ಲೆಕ್ಕ

ಈ ಪಾಠದಲ್ಲಿ ಅತಿ ಮುಖ್ಯವಾದ ಭಾಗಕ್ಕೆ ಬಂದೆವು. ಇದನ್ನು ನಿಧಾನವಾಗಿ, ಬೇಕಾದರೆ ಎರಡು ಸಾರಿ ಓದಬೇಕೆಂದು ಕೋರುತ್ತೇವೆ.

“ನೂರಕ್ಕೆ ಮೂರೇ ರೂಪಾಯಿ ಕಣಕ್ಕಾ, ಹೆಚ್ಚೇನಲ್ಲ” ಎಂದು ಸಾಲ ಕೊಡುವವನು ಹೇಳುವನು. ಮೂರು ಎಂಬ ಅಂಕಿ ಸಣ್ಣದೇ. ಆದರೆ ಎಷ್ಟು ಕಾಲಕ್ಕೆ ಮೂರು? ತಿಂಗಳಿಗೆ. ಹನ್ನೆರಡು ತಿಂಗಳಿಗೆ 36. ಆದಕಾರಣ 10,000 ರೂಪಾಯಿಗೆ ತಿಂಗಳಿಗೆ 300, ವರ್ಷಕ್ಕೆ 3,600. ಅಸಲು ಒಂದು ಕಾಸೂ ತೀರದೆ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ 33 ತಿಂಗಳು 10 ದಿವಸಗಳಲ್ಲಿ ಕಟ್ಟಿದ ಬಡ್ಡಿಯೇ 10,000 ಆಗುವದು. ಸಾಲವು ಮೊದಲಿನಂತೆಯೇ ನಿಂತಿರುವದು.

ಎರಡನೆಯದು, ಮುರಿದುಕೊಂಡು ಕೊಡುವ ಸಾಲ. ವರ್ಷಕ್ಕೆ ಶೇಕಡ 10 ಎಂದು ಹೇಳಿ, 10,000ದ ಕಾಗದ ಬರೆಯಿಸಿಕೊಂಡು, ಬಡ್ಡಿಯ 1,000ವನ್ನು ಮೊದಲೇ ಹಿಡಿದು 9,000 ಕೈಗೆ ಕೊಡುವರು. ವರ್ಷದ ಕೊನೆಗೆ 10,000 ಹಿಂದಕ್ಕೆ ಕೊಡಬೇಕು. ಕೈಗೆ ಬಂದದ್ದು 9,000. ಅದಕ್ಕೆ ಕೊಟ್ಟ ಬಡ್ಡಿ 1,000. ಅದು 9ಕ್ಕೆ 1, ಅಂದರೆ ಶೇಕಡ 11ಕ್ಕಿಂತ ಹೆಚ್ಚು.

ಮೂರನೆಯದು ಕಂತಿನ ಸಾಲ. ಇದರಲ್ಲಿ ಮೋಸವು ಹೆಚ್ಚು ಸೂಕ್ಷ್ಮವಾಗಿರುತ್ತದೆ.

ಲೆಕ್ಕ: ಒಬ್ಬ ಸಹೋದರಿಯು 12,000 ರೂಪಾಯಿ ಸಾಲ ತೆಗೆದುಕೊಂಡಳು. ಬಡ್ಡಿ ವರ್ಷಕ್ಕೆ ಶೇಕಡ 12. ಹನ್ನೆರಡು ಕಂತುಗಳಲ್ಲಿ ತೀರಿಸಬೇಕು. ಒಟ್ಟು ಬಡ್ಡಿ ಎಷ್ಟು?

ಮೊದಲನೆಯ ಬಗೆ: ಇಡೀ 12,000ಕ್ಕೆ ಇಡೀ ವರ್ಷದ ಬಡ್ಡಿ ಹಾಕುವದು. 12,000ದ ಶೇಕಡ 12 ಎಂದರೆ 1,440. ಅಸಲನ್ನು ಸೇರಿಸಿ 13,440, ಕಂತಿಗೆ 1,120.

ಎರಡನೆಯ ಬಗೆ: ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುವದು. ಅವಳು ತಿಂಗಳಿಗೆ 1,000 ಅಸಲು ಕಟ್ಟುತ್ತಾಳೆ. ಆದ್ದರಿಂದ ಮೊದಲನೆಯ ತಿಂಗಳು ಅವಳ ಕೈಯಲ್ಲಿದ್ದದ್ದು 12,000, ಎರಡನೆಯ ತಿಂಗಳು 11,000, ಮೂರನೆಯ ತಿಂಗಳು 10,000, ಹೀಗೆ ಕಡೆಯ ತಿಂಗಳಿಗೆ 1,000 ಮಾತ್ರ. ಇವನ್ನೆಲ್ಲಾ ಕೂಡಿಸಿದರೆ 78,000. ತಿಂಗಳಿಗೆ ಶೇಕಡ 1ರಂತೆ ಬಡ್ಡಿ 780.

ಎರಡರಲ್ಲಿಯೂ “ಶೇಕಡ 12” ಎಂದೇ ಹೇಳಿದರು. ಒಂದರಲ್ಲಿ 1,440, ಇನ್ನೊಂದರಲ್ಲಿ 780. ವ್ಯತ್ಯಾಸ 660 ರೂಪಾಯಿ. ಯಾವದರ ಶೇಕಡ? ಮೊದಲನೆಯದು ಅವಳು ಆಗಲೇ ಹಿಂದಕ್ಕೆ ಕೊಟ್ಟ ಹಣಕ್ಕೂ ಬಡ್ಡಿ ಕೇಳುತ್ತದೆ. ವರ್ಷವೆಲ್ಲಾ ಸರಾಸರಿಯಾಗಿ ಅವಳ ಕೈಯಲ್ಲಿ ಇದ್ದದ್ದು 78,000ವನ್ನು 12ರಿಂದ ಭಾಗಿಸಿದಷ್ಟು, ಅಂದರೆ 6,500. ಅದಕ್ಕೆ 1,440 ಬಡ್ಡಿಯೆಂದರೆ ನಿಜವಾಗಿ ವರ್ಷಕ್ಕೆ ಶೇಕಡ 22ಕ್ಕೆ ಸಮ. ಹನ್ನೆರಡೆಂದು ಕೇಳಿ ಇಪ್ಪತ್ತೆರಡು ಕೊಟ್ಟಂತಾಯಿತು.

ಈ ಸಂಗತಿಯಲ್ಲಿ ಬಡವರಿಗೆ ಸಹಾಯವಾಗುವ ಕೆಲವು ನಿಯಮಗಳುಂಟು. ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ಕಿರುಸಾಲದ ನಿಯಮಗಳ ಪ್ರಕಾರ, ಬ್ಯಾಂಕುಗಳೂ ನೋಂದಾಯಿತ ಕಿರುಸಾಲ ಕಂಪನಿಗಳೂ ಸಾಲದ ವಿವರಗಳುಳ್ಳ ಚೀಟಿಯನ್ನೂ ಸಾಲದ ಕಾರ್ಡನ್ನೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದು. ಇದಲ್ಲದೆ ಒಂದು ಮನೆಯವರು ಎಲ್ಲಾ ಸಾಲಗಳಿಗೂ ಸೇರಿಸಿ ತಿಂಗಳಿಗೆ ಕಟ್ಟುವ ಕಂತು, ಆ ಮನೆಯ ತಿಂಗಳ ಆದಾಯದ ಶೇಕಡ 50ನ್ನು ಮೀರಕೂಡದು. ತಿಂಗಳಿಗೆ 16,000 ಆದಾಯವಿರುವ ಮನೆಗೆ ಈ ಮಿತಿ 8,000. ಆಗಲೇ 5,500 ಕಟ್ಟುತ್ತಿದ್ದರೆ ಹೊಸ ಸಾಲದ ಕಂತಿಗೆ 2,500 ಮಾತ್ರ ಸ್ಥಳವುಂಟು. ಮಿತಿಯ ತನಕ ಸಾಲ ಮಾಡಬಹುದೆಂದು ಇದರ ಅರ್ಥವಲ್ಲ. ಅರ್ಧ ಆದಾಯವು ಸಾಲಕ್ಕೇ ಹೋದರೆ ಮನೆಯಲ್ಲಿ ಉಣ್ಣುವದೇನು ಎಂಬದನ್ನು ತಾಯಂದಿರು ಬಲ್ಲರು. ಸಾಲ ವಸೂಲಿಯಲ್ಲಿ ಬಲಾತ್ಕಾರ ನಡೆಯುವದನ್ನು ತಡೆಯುವದಕ್ಕಾಗಿ ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕಾಯಿದೆಯು ಬಲಾತ್ಕಾರವನ್ನು ತಡೆಯಬಹುದು. ಆದರೆ ಸಹಿ ಹಾಕುವ ಮೊದಲು ಲೆಕ್ಕ ಮಾಡುವ ಕೆಲಸವನ್ನು ನಮಗಾಗಿ ಮತ್ತೊಬ್ಬರು ಮಾಡುವದಿಲ್ಲ.

ಆದಕಾರಣ ಸಾಲ ತೆಗೆದುಕೊಳ್ಳುವವರು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು: ಬಡ್ಡಿ ತಿಂಗಳಿಗೋ ವರ್ಷಕ್ಕೋ? ಇಡೀ ಅಸಲಿಗೋ ಉಳಿದ ಅಸಲಿಗೋ? ಕೈಗೆ ಬರುವದು ಎಷ್ಟು? ಒಟ್ಟು ಹಿಂದಕ್ಕೆ ಕೊಡುವದು ಎಷ್ಟು? ಈ ನಾಲ್ಕಕ್ಕೆ ಉತ್ತರ ಕೊಡದವನಿಂದ ಸಾಲ ತರಬಾರದು. ಸ್ವಸಹಾಯ ಸಂಘಗಳ ಸಹೋದರಿಯರು ಇವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವದು ಒಳ್ಳೇದು.

7. ಪ್ರಮಾಣವೂ ತ್ರೈರಾಶಿಯೂ

ಒಂದಕ್ಕೆ ಇನ್ನೊಂದು ಎಷ್ಟು ಎಂಬದೇ ಪ್ರಮಾಣ. ಮೂವರು ರೈತರು ಸೇರಿ ಕೊಳವೆ ಬಾವಿ ಕೊರೆಯಿಸುತ್ತಾರೆ. ಒಬ್ಬನಿಗೆ 1 ಎಕರೆ, ಮತ್ತೊಬ್ಬನಿಗೆ 2 ಎಕರೆ, ಇನ್ನೊಬ್ಬನಿಗೆ 3 ಎಕರೆ. ಖರ್ಚು 1,20,000. ಹೊಲದ ಪ್ರಮಾಣಕ್ಕೆ ತಕ್ಕಂತೆ ಹಾಕುವದಾದರೆ 1, 2, 3 ಇವನ್ನು ಕೂಡಿಸಿ 6 ಪಾಲು ಮಾಡಬೇಕು. ಒಂದು ಪಾಲು 20,000. ಆದ್ದರಿಂದ 20,000, 40,000, 60,000. ನೀರು ಬಾರದೆ ಹೋದರೆ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಹೊರಬೇಕೆಂಬದನ್ನು ಕೊರೆಯುವ ಯಂತ್ರವು ಬರುವ ಮೊದಲೇ ಒಪ್ಪಿ ಬರೆದುಕೊಳ್ಳಬೇಕು. ಇಂಥಾ ಬರಹವಿಲ್ಲದೆ ಎಷ್ಟೋ ನೆಂಟಸ್ತಿಕೆಗಳು ಒಣಗಿದ ಬಾವಿಯೊಡನೆ ಒಣಗಿ ಹೋಗಿವೆ.

ಅಡಿಕೆಗೆ ಕೊಳೆರೋಗ ಬಂದಾಗ ಹೊಡೆಯುವ ಬೋರ್ಡೋ ದ್ರಾವಣವು ಪ್ರಮಾಣಕ್ಕೂ ಶೇಕಡಕ್ಕೂ ಒಳ್ಳೇ ದೃಷ್ಟಾಂತವಾಗಿದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ರೋಗಕ್ಕಾಗಿ 1880ರ ದಶಕದಲ್ಲಿ ಇದು ಬಳಕೆಗೆ ಬಂತು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಎಂಬವರು ಅಡಿಕೆಯ ಕೊಳೆರೋಗವನ್ನು ಪರೀಕ್ಷಿಸಿ ಇದೇ ದ್ರಾವಣವನ್ನು ಇಲ್ಲಿಯ ತೋಟಗಳಿಗೆ ಶಿಫಾರಸು ಮಾಡಿದರು. ಶೇಕಡ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಮೈಲುತುತ್ತವನ್ನು ಅರ್ಧ ನೀರಿನಲ್ಲಿಯೂ ಸುಣ್ಣವನ್ನು ಉಳಿದರ್ಧ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಹಾಗಾದರೆ 15 ಲೀಟರಿಗೆ ಎಷ್ಟು? 1,000 ಗ್ರಾಮಿಗೆ 100 ಲೀಟರು; ಲೀಟರಿಗೆ 10 ಗ್ರಾಂ; 15 ಲೀಟರಿಗೆ 150 ಗ್ರಾಂ ಮೈಲುತುತ್ತ, 150 ಗ್ರಾಂ ಸುಣ್ಣ. ಕಣ್ಣಳತೆಯಿಂದ ಹಾಕಿದರೆ ಕಡಿಮೆಯಾಗಿ ರೋಗ ನಿಲ್ಲದು, ಇಲ್ಲವೆ ಹೆಚ್ಚಾಗಿ ಹಣ ವ್ಯರ್ಥ.

ಇಂಥಾ ಲೆಕ್ಕಕ್ಕೆ ಹಿಂದಿನವರು ತ್ರೈರಾಶಿ ಎಂದು ಹೆಸರಿಟ್ಟರು. ಗೊತ್ತಿರುವ ಮೂರು ಅಂಕಿಗಳಿಂದ ನಾಲ್ಕನೆಯದನ್ನು ಕಂಡುಕೊಳ್ಳುವದು. ಆ ಮೂರಕ್ಕೆ ಪ್ರಮಾಣ, ಫಲ, ಇಚ್ಛೆ ಎಂದು ಹೆಸರು. 5 ಕಿಲೋ ರಾಗಿಗೆ 200 ರೂಪಾಯಿ ಆದರೆ 8 ಕಿಲೋಗೆ ಎಷ್ಟು? 5 ಪ್ರಮಾಣ, 200 ಫಲ, 8 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿದರೆ 1,600. ಪ್ರಮಾಣದಿಂದ ಭಾಗಿಸಿದರೆ 320 ರೂಪಾಯಿ.

ಆದರೆ ಎಲ್ಲಾ ಲೆಕ್ಕಗಳಿಗೂ ಇದೇ ಕ್ರಮವನ್ನು ಹಚ್ಚಕೂಡದು. 10 ಮಂದಿ ಆಳುಗಳು ಒಂದು ಹೊಲದ ಕಳೆಯನ್ನು 6 ದಿವಸದಲ್ಲಿ ತೆಗೆದರೆ, 15 ಮಂದಿ ಎಷ್ಟು ದಿವಸದಲ್ಲಿ ತೆಗೆಯುವರು? ಮೇಲಿನ ಕ್ರಮದಿಂದ ಮಾಡಿದರೆ 9 ದಿವಸ ಬರುವದು. ಆಳು ಹೆಚ್ಚಿದರೆ ದಿವಸ ಹೆಚ್ಚುವದೋ? ಇದು ವ್ಯಸ್ತ ತ್ರೈರಾಶಿ. ಒಟ್ಟು ಕೆಲಸ 10ನ್ನು 6ರಿಂದ ಗುಣಿಸಿದ 60 ಆಳಿನ ದಿನಗಳು. ಅದನ್ನು 15ರಿಂದ ಭಾಗಿಸಿದರೆ 4 ದಿವಸ. ಉತ್ತರವನ್ನು ಬರೆಯುವ ಮೊದಲು ಹೊಲದಲ್ಲಿ ನಿಂತು ನೋಡಿದಂತೆ ಮನಸ್ಸಿನಲ್ಲಿ ನೋಡಬೇಕು.

8. ಮಕ್ಕಳಿಗೆ ಹೇಳಿಕೊಡುವ ಬಗೆ

ತಂದೆತಾಯಿಗಳು ಹೆಚ್ಚು ಓದಿದವರಲ್ಲದಿದ್ದರೂ ಮಕ್ಕಳಿಗೆ ಸಹಾಯ ಮಾಡಬಹುದು. ಮಗುವು ಮಾತಿನ ಲೆಕ್ಕವನ್ನು ಗಟ್ಟಿಯಾಗಿ ಓದಲಿ. ಆಮೇಲೆ ಪುಸ್ತಕವನ್ನು ಮುಚ್ಚಿ ಅದನ್ನು ಕಥೆಯಂತೆ ತನ್ನ ಮಾತಿನಲ್ಲಿ ಹೇಳಲಿ. ಹೇಳಲಾರದಿದ್ದರೆ ಲೆಕ್ಕವು ಇನ್ನೂ ತಿಳಿಯಲಿಲ್ಲ ಎಂದೇ ಅರ್ಥ. ಅನಂತರ “ಏನು ಕೇಳಿದ್ದಾರೆ ಮಗಾ? ಏನು ಕೊಟ್ಟಿದ್ದಾರೆ? ಇದು ಯಾವದರ ಭಾಗ?” ಎಂದು ಕೇಳಿರಿ. ಇಡೀ ವಸ್ತುವನ್ನು ಒಂದು ಉದ್ದ ಗೆರೆಯಾಗಿ ನೆಲದ ಮೇಲೆ ಎಳೆಯಿಸಿ, ಭಾಗಗಳನ್ನು ಅದರಲ್ಲಿ ಗುರುತು ಮಾಡಿಸಿರಿ. ಹುಣಿಸೆಬೀಜಗಳೂ ಇದಕ್ಕೆ ಸಾಕು. ಉತ್ತರ ಬಂದ ಮೇಲೆ ಪಾಲುಗಳನ್ನೆಲ್ಲಾ ತಿರಿಗಿ ಕೂಡಿಸಿ ಇಡೀ ಮೊತ್ತ ಬರುವದೋ ಎಂದು ನೋಡಿಸಿರಿ. ತಪ್ಪಿದ್ದಕ್ಕೆ ಹೊಡೆಯಬೇಡಿರಿ, ಹೆದರಿದ ಮಗುವು ಲೆಕ್ಕವನ್ನಲ್ಲ, ಹೊಡೆಯುವವರ ಮುಖವನ್ನು ನೋಡುತ್ತದೆ. ಹೆಣ್ಣುಮಕ್ಕಳನ್ನು ಇದರಿಂದ ಬಿಡಬೇಡಿರಿ. ನಾಳೆ ಸಾಲದ ಕಾರ್ಡನ್ನು ಓದಬೇಕಾದವಳು ಅವಳೇ.

9. ಅಭ್ಯಾಸಕ್ಕಾಗಿ ಲೆಕ್ಕಗಳು

(1) ಪೂರ್ಣ ಬೆಳೆ ಬಂದರೆ 8 ಕ್ವಿಂಟಾಲು ರಾಗಿ ಆಗುವ ಹೊಲದಲ್ಲಿ ಈ ಸಲ ಆರಾಣೆ ಬೆಳೆ. ಎಷ್ಟು ರಾಗಿ? ಶೇಕಡ ಎಷ್ಟು?

(2) 4 ಎಕರೆ 20 ಗುಂಟೆ ಹೊಲವನ್ನು ಬಿಟ್ಟು ತೀರಿಹೋದವನಿಗೆ ಹೆಂಡತಿಯೂ ಮೂವರು ಮಕ್ಕಳೂ ಇದ್ದರು. ಮಕ್ಕಳಲ್ಲಿ ಒಬ್ಬನು ತಂದೆಗಿಂತ ಮೊದಲೇ ತೀರಿಹೋಗಿದ್ದನು. ಅವನ ಪಾಲು ಅವನ ಇಬ್ಬರು ಮಕ್ಕಳಿಗೆ ಬರುವದು. ಒಬ್ಬೊಬ್ಬರಿಗೆ ಎಷ್ಟು?

(3) 35 ಲೀಟರು ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು?

(4) 4,000 ರೂಪಾಯಿಯ ಸರಕು ಶೇಕಡ 25 ಇಳಿಯಿತು. ಮೊದಲಿನ ಬೆಲೆಗೆ ಬರಬೇಕಾದರೆ ಈಗ ಶೇಕಡ ಎಷ್ಟು ಏರಬೇಕು?

(5) 6,000 ರೂಪಾಯಿ ಸಾಲ, ತಿಂಗಳಿಗೆ ಶೇಕಡ 2, ಹತ್ತು ಕಂತು, ತಿಂಗಳಿಗೆ 600 ಅಸಲು. ಇಡೀ ಅಸಲಿಗೆ ಬಡ್ಡಿ ಹಾಕಿದರೆ ಎಷ್ಟು? ಉಳಿದ ಅಸಲಿಗೆ ಹಾಕಿದರೆ ಎಷ್ಟು?

(6) 6 ಆಳುಗಳು 4 ದಿವಸದಲ್ಲಿ ಮಾಡುವ ಕೆಲಸವನ್ನು 8 ಆಳುಗಳು ಎಷ್ಟು ದಿವಸದಲ್ಲಿ ಮಾಡುವರು?

ಉತ್ತರಗಳು: (1) 3 ಕ್ವಿಂಟಾಲು, ಶೇಕಡ ಮೂವತ್ತೇಳೂವರೆ. (2) ಹೆಂಡತಿಗೆ 60 ಗುಂಟೆ, ಜೀವದಿಂದಿರುವ ಇಬ್ಬರು ಮಕ್ಕಳಿಗೆ ನಲವತ್ತು ನಲವತ್ತು, ಮೊಮ್ಮಕ್ಕಳಿಗೆ ಇಪ್ಪತ್ತಿಪ್ಪತ್ತು. (3) 350 ಗ್ರಾಂ. (4) 3,000ದ ಮೇಲೆ 1,000, ಅಂದರೆ ಶೇಕಡ 33 1/3. (5) 1,200 ಮತ್ತು 660 ರೂಪಾಯಿ. (6) 3 ದಿವಸ.

ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಲೆಕ್ಕ ಮಾಡಿದವರಿಗೆ ಮಾತ್ರ ಈ ಪಾಠವು ಪ್ರಯೋಜನವಾದೀತು. ಅಕ್ಷರ ಬಲ್ಲವರು ಬಾರದವರಿಗೆ ಇದನ್ನು ಓದಿಹೇಳಲಿ. ವಿಶೇಷವಾಗಿ ವಿಧವೆಯರಿಗೂ ಕಂತಿನ ಸಾಲ ತೆಗೆದುಕೊಂಡಿರುವವರಿಗೂ ಮೂರನೆಯ ಮತ್ತು ಆರನೆಯ ಭಾಗಗಳನ್ನು ಓದಿಹೇಳಲಿ. ನಮ್ಮ ಹೊಲವು ಸಣ್ಣದಿರಬಹುದು, ನಮ್ಮ ಗಳಿಕೆಯೂ ಸಣ್ಣದಿರಬಹುದು. ಅದು ಎಷ್ಟೆಂದು ಸರಿಯಾಗಿ ಅರಿತು, ಪರರ ಪಾಲನ್ನು ಪರರಿಗೆ ಕೊಟ್ಟು, ನಮ್ಮ ಪಾಲನ್ನು ನಾವು ಕಾಪಾಡಿಕೊಳ್ಳುವದು ಬಡವನಿಗೂ ಸಾಧ್ಯವಾದ ಕೆಲಸ.